ನನಗೆ ನಾಟಿದ ಮದ್ದು ತಮ್ಮನಿಗೆ ನಾಟಲಿಲ್ಲ

ನಮ್ಮ ಮನೆಗೆ ದಮ್ಮು ಬಂದದ್ದು ಅಜ್ಜನಿಂದ, ಅಂದರೆ ಅವ್ವನ ಅಪ್ಪನಿಂದ. ಅವರು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ರಾತ್ರಿ ಗೋಡೆಗೆ ದಿಂಬು ಆನಿಸಿ ಕೂತೇ ನಿದ್ದೆ ಮಾಡುತ್ತಿದ್ದರು. ಎದೆಯಿಂದ ಬರುವ ಸುಂಯ್ ಸುಂಯ್ ಸದ್ದು ಅಡುಗೆಮನೆಗೂ ಕೇಳುತ್ತಿತ್ತು. ಮೃಗಶಿರಾ ಮಳೆ ಕೂಡುವ ದಿನ ಕೊಡುವ ದಮ್ಮಿನ ಔಷಧವನ್ನು ಮೂರು ವರ್ಷ ತಗೊಂಡರು. "ಮೆಣಸಿನಕಾಯಿ ಧೂಳು ಕುಡದು ಕುಡದು ಹಿಂಗಾತು" ಅಂತ ಎಲ್ಲರೂ ಅಂದುಕೊಂಡಿದ್ದೆವು. ಅದೇ ಅಂಗಡಿಯಲ್ಲಿ ಅದೇ ಧೂಳಿನಲ್ಲಿ ಕೂತ ಉಳಿದವರಿಗೆ ಯಾಕೆ ದಮ್ಮು ಬರಲಿಲ್ಲ ಅನ್ನೋದು ಯಾರಿಗೂ ಹೊಳೆಯಲಿಲ್ಲ.

ಅವ್ವ ಒಂದು ದಿನವೂ ಪೇಟೆಗೆ ಕೆಲಸಕ್ಕೆ ಹೋದವಳಲ್ಲ. ಅವಳಿಗೆ ಮೊಣಕೈ ಮಡಿಕೆಯಲ್ಲಿ ಇಸುಬು. ನನಗೆ ಬೆಳಗಾದರೆ ಸಾಲು ಸಾಲು ಸೀನು, ಮಳೆಗಾಲದಲ್ಲಿ ಎದೆ ಬಿಗಿತ. ತಮ್ಮನಿಗೆ ಸಣ್ಣವನಿದ್ದಾಗಿಂದ ಇಸುಬೂ ಇತ್ತು, ಸೀನೂ ಇತ್ತು, ಏಳನೇ ವರ್ಷಕ್ಕೆ ದಮ್ಮೂ ಶುರುವಾಯಿತು.

ನಾನು ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ನವನಗರದಲ್ಲಿ. ತಮ್ಮ ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಕ್ಲಾಸಿಗೆ ಬರುವ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾನೆ. 2018ರ ನವೆಂಬರಿನಲ್ಲಿ ನಾವಿಬ್ಬರೂ ಒಂದೇ ದಿನ ಒಬ್ಬ ಅಲರ್ಜಿ ಡಾಕ್ಟರ ಹತ್ತಿರ ಹೋದೆವು. ಮುಂದೆ ಇಬ್ಬರೂ ಒಂದೇ ಬಗೆಯ ಸೂಜಿಮದ್ದು ಶುರು ಮಾಡಿದೆವು. ನನಗೆ ಅದು ನಾಟಿತು, ಅವನಿಗೆ ನಾಟಲಿಲ್ಲ. ಈಗ ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಯಾರಾದರೂ ಕೇಳುತ್ತಲೇ ಇರುತ್ತಾರೆ, "ಮೇಡಂ, ಅಲರ್ಜಿ ಇಂಜೆಕ್ಷನ್ ತಗೊಂಡ್ರ ಆರಾಮ ಆಗತೈತೇನ್ರಿ?" ಹೌದು ಅಂದರೆ ತಮ್ಮನನ್ನು ಮರೆಮಾಚಿದ ಹಾಗೆ. ಇಲ್ಲ ಅಂದರೆ ನನಗೆ ಸಿಕ್ಕ ಗುಣವನ್ನು ಮರೆಮಾಚಿದ ಹಾಗೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಆದದ್ದೊಂದನ್ನು ಹೇಳಬೇಕು. ಆ ಡಾಕ್ಟರ ಹತ್ತಿರ ಹೋಗುವ ಮುಂಚೆ ತಮ್ಮ ಯಾರೋ ಹೇಳಿದರೆಂದು ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದಿದ್ದ. ನೂರಕ್ಕೂ ಹೆಚ್ಚು ವಸ್ತುಗಳ ಪಟ್ಟಿ ಬಂತು. ಶೇಂಗಾ, ತೊಗರಿಬೇಳೆ, ಬದನೆಕಾಯಿ, ಹಾಲು ಎಲ್ಲಕ್ಕೂ ಎದುರಿಗೆ ಕೆಂಪು ಗೆರೆ. ಇವನ್ನೆಲ್ಲ ಬಿಡಿ ಅಂದರಂತೆ. ಹುಟ್ಟಿದಾಗಿನಿಂದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದ ಹುಡುಗ ಆರು ತಿಂಗಳು ಬರೀ ಅನ್ನ, ಮೂಲಂಗಿ ಪಲ್ಯ ತಿಂದ. ಆರು ಕಿಲೋ ಇಳಿದ. ದಮ್ಮು ಮಾತ್ರ ಇದ್ದಲ್ಲೇ ಇತ್ತು. ನಮ್ಮ ಡಾಕ್ಟರು ಆ ಪಟ್ಟಿಯನ್ನು ನೋಡಿ ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿದರು. "ಶೇಂಗಾ ತಿಂದಾಗ ಯಾವತ್ತರ ಏನರ ಆಗೇತೇನು?" ಇಲ್ಲ ಅಂದ. "ಹಂಗಾರ ಇವತ್ತ ಸಂಜೀನ ತಿನ್ರಿ."

ರಕ್ತದಲ್ಲಿ ಐಜಿಇ ಅನ್ನುವ ಪ್ರತಿಕಾಯ ಇರುವುದು ಬೇರೆ, ಅಲರ್ಜಿ ಇರುವುದು ಬೇರೆ. ಅಲರ್ಜಿಯ ಒಲವು ಇರುವ ಮೈಯಲ್ಲಿ ಹತ್ತಾರು ವಸ್ತುಗಳ ಮೇಲೆ ಐಜಿಇ ಸುಮ್ನೆ ಇರಬಹುದು, ತೊಂದರೆ ಏನೂ ಕೊಡದೆ. ಯಾವುದು ನಿಜಕ್ಕೂ ಕಾಡುತ್ತದೆ ಅನ್ನೋದನ್ನು ಟೆಸ್ಟಿನ ಜೊತೆ ಮನುಷ್ಯನನ್ನೂ ಕೇಳಿ ತಿಳಿಯಬೇಕು. ಆರು ತಿಂಗಳು ತಟ್ಟೆ ಮುಂದೆ ಅವನು ಕೂತಿದ್ದ ರೀತಿ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಚರ್ಮದ ಟೆಸ್ಟಿಗೆ ಒಂದು ವಾರ ಮುಂಚೆ ಸೀನು, ತುರಿಕೆ ತಡೆಯುವ ಸೆಟಿರಿಜಿನ್ ಗುಳಿಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಗುಳ್ಳೆ ಏಳುವುದಿಲ್ಲ. ಆ ವಾರ ನಾನು ಕರವಸ್ತ್ರ ಬಿಟ್ಟು ಕ್ಲಾಸಿಗೆ ಹೋಗಲಿಲ್ಲ. ಟೆಸ್ಟ್ ದಿನ ಸಿಸ್ಟರು ಮುಂಗೈ ಒಳಮೈಗೆ ಪೆನ್ನಿನಿಂದ ನಂಬರು ಬರೆದು, ಪ್ರತಿ ನಂಬರಿನ ಪಕ್ಕ ಒಂದೊಂದು ಹನಿ ಇಟ್ಟರು. ಹನಿಯ ಮೇಲೆ ಸಣ್ಣ ಮೊನೆಯಿಂದ ಚುಚ್ಚಿದರು. ರಕ್ತ ಬರಲಿಲ್ಲ. ಒಂದು ಹನಿ ಬರೀ ಉಪ್ಪುನೀರು, ಅದು ಏಳಬಾರದು. ಇನ್ನೊಂದು ಹಿಸ್ಟಮಿನ್, ಅಂದರೆ ತುರಿಕೆ ಎಬ್ಬಿಸುವ ವಸ್ತು, ಅದು ಏಳಲೇಬೇಕು. ಇವೆರಡೂ ಸರಿ ಇದ್ದರೆ ಮಾತ್ರ ಉಳಿದವನ್ನು ನಂಬಬಹುದು. ಹದಿನೈದು ನಿಮಿಷ ತುರಿಸಿಕೊಳ್ಳದೆ ಕೂತಿರಬೇಕು. ಅದೇ ಕಷ್ಟ.

ನನ್ನ ಕೈಯಲ್ಲಿ ಎರಡೇ ಗುಳ್ಳೆ ಎದ್ದವು. ಎರಡೂ ಧೂಳಿನ ನುಸಿಯವು. ಒಂದು 7 ಮಿಲಿಮೀಟರ್, ಒಂದು 6. ತಮ್ಮನ ಕೈ ನೋಡಿ ಸಿಸ್ಟರೇ "ಅಯ್ಯ" ಅಂದರು. ನುಸಿ, ಜಿರಳೆ, ಬೂಷ್ಟು, ಕಾಂಗ್ರೆಸ್ ಕಸದ ಪರಾಗ, ಎಲ್ಲ ಒಂದಕ್ಕೊಂದು ಕೂಡಿಕೊಂಡು ಮುಂಗೈ ಪೂರ್ತಿ ಬಾತಿತ್ತು. ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ಇಬ್ಬರೂ ಕೈ ಜೋಡಿಸಿ ನೋಡಿಕೊಂಡೆವು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಕೈ ಅನ್ನಿಸಲಿಲ್ಲ.

ನಾನು ಅಜ್ಜನ ಮೆಣಸಿನಕಾಯಿ ಕಥೆ ಹೇಳಿದೆ. ಡಾಕ್ಟರು ತಲೆ ಅಲ್ಲಾಡಿಸಿದರು. "ಮೆಣಸಿನಕಾಯಿ ಘಾಟು ಎಲ್ಲಾರಿಗೂ ಹತ್ತತೈತ್ರಿ. ನಿಮಗೂ ಹತ್ತತೈತಿ, ನನಗೂ ಹತ್ತತೈತಿ. ಅದು ಅಲರ್ಜಿ ಅಲ್ಲ. ನಿಮ್ಮಜ್ಜಾರಿಗೆ ದಮ್ಮಿನ ಗುಣ ಹುಟ್ಟಾನ ಇತ್ತು, ಧೂಳು ಅದನ್ನ ಕೆದರ್ತು." ಮತ್ತೆ ಅವರು ಕೇಳಿದ್ದು ಹಾಸಿಗೆ ಬಗ್ಗೆ. ನಾವು ಮಲಗುವುದು ಅವ್ವ ಹಳೇ ಸೀರೆ ಸೇರಿಸಿ ಹೊಲಿದ ಕೌದಿಯ ಮೇಲೆ. ಎಂಟು ಪದರ. ಮಳೆಗಾಲ ಪೂರ್ತಿ ಒಗೆಯುವುದಿಲ್ಲ, ಒಣಗುವುದಿಲ್ಲ ಅಂತ. ಧೂಳಿನ ನುಸಿ ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು ಸಣ್ಣದು, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಬದುಕುತ್ತದೆ, ತೇವ ಇದ್ದರೆ ಬೆಳೆಯುತ್ತದೆ. ಧಾರವಾಡದ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಎಂಟು ಪದರದ ಕೌದಿಗಿಂತ ಒಳ್ಳೆಯ ಮನೆ ಅದಕ್ಕೆ ಎಲ್ಲಿ ಸಿಗಬೇಕು? ಅವ್ವನಿಗೆ ಇದನ್ನು ಹೇಳುವುದು ಸುಲಭ ಇರಲಿಲ್ಲ. "ನನ್ನ ಕೌದಿ ನಿಮಗ ಜಡ್ಡು ತಂತೇನು?" ಅಂದಳು. ಆ ಕೌದಿಗಳನ್ನು ಎಸೆಯಲಿಲ್ಲ. ಕುದಿಯುವ ನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿ, ಪೆಟ್ಟಿಗೆಯಲ್ಲಿ ಇಟ್ಟೆವು. ಗಾದಿಗೆ, ದಿಂಬಿಗೆ ಜಿಪ್ಪು ಇರುವ ಒತ್ತಾದ ಕವರು ಹಾಕಿದೆವು. ಮನೆಯಲ್ಲಿ ನೆಮ್ಮದಿ ಶುರುವಾದದ್ದು ಅಲ್ಲಿಂದಲೇ. ಸೂಜಿ ಆಮೇಲಿನ ಮಾತು.

ಸೂಜಿಗೂ ಮೊದಲು ದಮ್ಮು ಹತೋಟಿಗೆ ಬರಬೇಕು. ಇದರಲ್ಲಿ ಡಾಕ್ಟರು ಬಹಳ ಗಟ್ಟಿ. ತಮ್ಮ ಊದುವ ಟೆಸ್ಟಿನಲ್ಲಿ ಕಡಿಮೆ ಬಂದಿದ್ದ. ಎರಡು ತಿಂಗಳು ದಿನಾ ಎರಡು ಹೊತ್ತು ಪಂಪ್ (ಇನ್ಹೇಲರ್) ತಗೊಂಡು, ಮತ್ತೆ ಊದಿ, ಅಂಕಿ ಮೇಲೆ ಬಂದ ಮೇಲೆ 2019ರ ಜನವರಿಯಲ್ಲಿ ಇಬ್ಬರಿಗೂ ಒಂದೇ ದಿನ ನುಸಿಯ ರಸದ ಮೊದಲ ಸೂಜಿ ಹಾಕಿದರು. ಪಂಪ್ ಚಟ ಆಗುತ್ತದೆ ಅನ್ನುವ ಹೆದರಿಕೆ ನಮ್ಮ ಕಡೆ ಜಾಸ್ತಿ. ತಮ್ಮನಿಗೂ ಇತ್ತು. ಅದು ಚಟ ಅಲ್ಲ. ಉಸಿರ್ನಾಳದ ಒಳಗೋಡೆಯ ಬಾವು ಇಳಿಸುವ ಔಷಧ, ನೇರ ಅಲ್ಲಿಗೇ ಹೋಗುತ್ತದೆ, ಅದಕ್ಕೇ ಸ್ವಲ್ಪವೇ ಸಾಕಾಗುತ್ತದೆ.

ಈ ಸೂಜಿಮದ್ದಿನ ವಿಚಾರ ಹೊಸದಲ್ಲ. 1911ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ನೂನ್ ಅನ್ನುವ ವೈದ್ಯರು ಹುಲ್ಲಿನ ಪರಾಗದ ರಸವನ್ನೇ ಸ್ವಲ್ಪ ಸ್ವಲ್ಪ ಚುಚ್ಚಿ, ಪರಾಗದಿಂದ ನೆಗಡಿ ಬರುವವರ ಮೈಯನ್ನು ಅದಕ್ಕೆ ಒಗ್ಗಿಸಲು ನೋಡಿದರು. ಎರಡೇ ವರ್ಷದಲ್ಲಿ ಅವರು ಕ್ಷಯದಿಂದ ತೀರಿಕೊಂಡರು. ಜಾನ್ ಫ್ರೀಮನ್ ಅನ್ನುವ ಜೊತೆಗಾರರು ಕೆಲಸ ಮುಂದುವರಿಸಿದರು. 1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರದಿ ಇದನ್ನು ಅಲರ್ಜಿ ರೋಗಗಳ ಚಿಕಿತ್ಸೆಯ ಲಸಿಕೆ ಅಂತಲೇ ಕರೆಯಿತು. ಲಸಿಕೆ ಅನ್ನುವ ಮಾತು ನನಗೆ ಹಿಡಿಸಿತು. ಬೇರೆ ಲಸಿಕೆ ಮೈಗೆ ಹೊಡೆದಾಟ ಕಲಿಸುತ್ತದೆ. ಇದು ತಡೆದುಕೊಳ್ಳುವುದನ್ನು ಕಲಿಸುತ್ತದೆ. ದಿನ ಕಳೆದಂತೆ ಐಜಿ-ಜಿ4 ಅನ್ನುವ ಇನ್ನೊಂದು ಬಗೆಯ ಪ್ರತಿಕಾಯ ಹೆಚ್ಚಾಗುತ್ತದೆ. ಅದು ನುಸಿಯ ಕಣವನ್ನು ಐಜಿಇಗೆ ಸಿಗದ ಹಾಗೆ ಮೊದಲೇ ಹಿಡಿದುಕೊಳ್ಳುತ್ತದೆ. ಗಲಾಟೆ ತಣಿಸುವ ಟಿ ಕೋಶ ಅನ್ನುವ ಬಿಳಿ ರಕ್ತಕಣಗಳೂ ಹೆಚ್ಚುತ್ತವೆ.

ವಾರಕ್ಕೊಂದು ಸೂಜಿ, ಶನಿವಾರ ಶಾಲೆ ಬಿಟ್ಟ ಮೇಲೆ. ನಾನು ನವನಗರದಿಂದ, ತಮ್ಮ ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದ. ಮೊದಲು ಒಂದು ಕೊಳವೆ ಊದಬೇಕು. ಅಂಕಿ ಸರಿ ಇದ್ದರೆ ಸಣ್ಣ ಸೂಜಿಯಿಂದ ತೋಳಿನ ಹೊರಬದಿಗೆ, ಚರ್ಮದ ಕೆಳಗೆ. ಹೆಸರುಕಾಳಿನಷ್ಟು ಉಬ್ಬು ಬರುತ್ತದೆ, ಮರುದಿನ ಕೆಂಪಗೆ ತುರಿಸುತ್ತದೆ. ಸೂಜಿ ಆದ ಮೇಲೆ ಮೂವತ್ತು ನಿಮಿಷ ಅಲ್ಲೇ ಬೆಂಚಿನ ಮೇಲೆ ಕೂರಲೇಬೇಕು. ನಾವಿಬ್ಬರೂ ಆ ಬೆಂಚಿನ ಮೇಲೆ ಅವರಿವರ ಸುದ್ದಿ ಮಾತಾಡುತ್ತ ಅಷ್ಟು ಹೊತ್ತು ಕೂತದ್ದು ಮದುವೆಯಾದ ಮೇಲೆ ಅದೇ ಮೊದಲು.

ಹನ್ನೊಂದನೇ ವಾರ ಅದು ಆಯಿತು. ಮಾರ್ಚ್ ಕೊನೆ. ಸೂಜಿ ಆಗಿ ಹದಿನೆಂಟು ನಿಮಿಷ. ತಮ್ಮ ಮಾತಿನ ನಡುವೆ ಅಂಗೈ ತಿಕ್ಕಿಕೊಳ್ಳಲು ಶುರು ಮಾಡಿದ. ಮೊದಲು ಅಂಗೈ, ಆಮೇಲೆ ಕಿವಿ ಹಿಂದೆ. "ಅಕ್ಕಾ, ಒಂಥರಾ ಆಗಾಕತ್ತೇತಿ" ಅಂದ. ಕುತ್ತಿಗೆ ಮೇಲೆ ದಪ್ಪ ದಪ್ಪ ಗಂಧೆ ಎದ್ದಿದ್ದವು. ಒಣ ಕೆಮ್ಮು ಬಂತು. ನಾನು ಕೂಗುವಷ್ಟರಲ್ಲಿ ಸಿಸ್ಟರು ಬಂದು ಅವನನ್ನು ಮಲಗಿಸಿ ಕಾಲು ಎತ್ತರಕ್ಕಿಟ್ಟರು. ಡಾಕ್ಟರು ತೊಡೆಯ ಹೊರಬದಿಗೆ ಅಡ್ರಿನಲಿನ್ ಚುಚ್ಚಿದರು. ಪ್ಯಾಂಟ್ ಬಿಚ್ಚುವಷ್ಟೂ ಕಾಯಲಿಲ್ಲ. ಐದಾರು ನಿಮಿಷದಲ್ಲಿ ಕೆಮ್ಮು ಇಳಿಯಿತು. ಅವನ ಕೈ ಮಾತ್ರ ನನ್ನ ಕೈಯಲ್ಲಿ ನಡುಗುತ್ತಲೇ ಇತ್ತು. ಸಂಜೆ ತನಕ ಅಲ್ಲೇ ಇಟ್ಟುಕೊಂಡರು.

ಆಮೇಲೆ ಗೊತ್ತಾಯಿತು. ಹಿಂದಿನ ದಿನದಿಂದ ಅವನಿಗೆ ನೆಗಡಿ, ರಾತ್ರಿ ಹೆಚ್ಚಿಗೆ ಎರಡು ಸಲ ಪಂಪ್ ತಗೊಂಡಿದ್ದ. ಹೇಳಿದರೆ ಸೂಜಿ ಮುಂದೆ ಹಾಕುತ್ತಾರೆ, ಇನ್ನೊಂದು ಶನಿವಾರ ಹಾಳು ಅಂತ ಹೇಳಿರಲಿಲ್ಲ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಎದೆ ಸರಿ ಇಲ್ಲದ ದಿನ ಸೂಜಿ ತಗೊಂಡರೆ ಅಪಾಯ ಜಾಸ್ತಿ. ಹಾಗೇ, ಈ ಸೂಜಿಯನ್ನು ಮನೆಯಲ್ಲಿ, ಪಕ್ಕದ ಕಂಪೌಂಡರ ಹತ್ತಿರ ಹಾಕಿಸಿಕೊಳ್ಳುವವರನ್ನು ನೋಡಿದ್ದೇನೆ. ಆ ಹದಿನೆಂಟನೇ ನಿಮಿಷದಲ್ಲಿ ತಮ್ಮ ಬಸ್ಸಿನಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಅನ್ನೋದನ್ನು ನಾನು ಯೋಚಿಸಲಾರೆ.

ಅವನ ಪ್ರಮಾಣ ಇಳಿಸಿ ಮತ್ತೆ ಕೆಳಗಿನಿಂದ ಶುರು ಮಾಡಿದರು. ನಾನು ಮೇನಲ್ಲಿ ಪೂರ್ಣ ಪ್ರಮಾಣಕ್ಕೆ ಬಂದೆ, ಸೂಜಿ ತಿಂಗಳಿಗೊಂದಾಯಿತು. ಆ ಮಳೆಗಾಲ ನಾನು ಹಿಂದಿನ ವರ್ಷದಷ್ಟು ಸೀನಲಿಲ್ಲ. ದೀಪಾವಳಿಗೆ ಮನೆ ಧೂಳು ಹೊಡೆದ ದಿನವೂ ಎದೆ ಬಿಗಿಯಲಿಲ್ಲ. ತಮ್ಮ ಮಾತ್ರ ಪ್ರಮಾಣ ಏರಿಸಿದಾಗಲೆಲ್ಲ ತೋಳು ಬಾಯಿಸಿಕೊಂಡು, ಮತ್ತೆ ಇಳಿಸಿಕೊಂಡು, ಅರ್ಧ ದಾರಿಯಲ್ಲೇ ಇದ್ದ. "ಅಕ್ಕಾ, ನಿನಗ ಆರಾಮಾತು. ನನಗ್ಯಾಕ ಆಗವಲ್ದು? ಇಬ್ಬರದೂ ಒಂದ ರಕ್ತ ಅಲ್ಲೇನು?" ಅಂತ ಒಂದು ದಿನ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಹತ್ತನೇ ಕ್ಲಾಸಿಗೆ ಮೆಂಡೆಲನ ಬಟಾಣಿ ಪಾಠ ಮಾಡುವವಳು ನಾನು. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

2020ರ ಜನವರಿಯಲ್ಲಿ ತಮ್ಮನಿಗೆ ಮಗಳು ಹುಟ್ಟಿದಳು, ಅವನ ಹೆಂಡತಿಯ ತವರು ಗದಗಿನಲ್ಲಿ. ಎರಡನೇ ದಿನ ತಮ್ಮನ ಅತ್ತೆ ಫೋನ್ ಮಾಡಿದರು. "ಟೀಚರ್ರ, ಕೂಸಿಗೆ ಬಿಸಿಜಿ ಸೂಜಿ ಹಾಕ್ತೀವಿ ಅನ್ನಾಕತ್ತಾರ್ರಿ. ನಿಮ್ಮ ಮನಿತನದಾಗ ದಮ್ಮು ಐತಿ, ನಮ್ಮ ಹುಡಿಗಿಗೂ ಸೀನು. ಈ ಸೂಜಿ ಹಾಕಿಸಿದ್ರ ದಮ್ಮು ಎದ್ದು ಕುಂದ್ರತೈತೇನ್ರಿ? ಸ್ವಲ್ಪ ದಿನ ತಡಿಯೂಣೇನು?" ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಅಳಿಯ ಸೂಜಿ ತಗೊಂಡು ಮಲಗಿದ್ದನ್ನು ಕೇಳಿದ್ದರು. ಅವರ ಕಣ್ಣಿಗೆ ಸೂಜಿ ಅಂದರೆ ಸೂಜಿಯೇ. ಅವತ್ತೇ ನನ್ನ ಸೂಜಿ ದಿನ. ತಮ್ಮನೂ ಇದ್ದ. ಇಬ್ಬರೂ ಡಾಕ್ಟರನ್ನು ಕೇಳಿದೆವು. ಕೊನೆಯ ಪೇಷಂಟ್ ನಾವೇ ಆಗಿದ್ದರಿಂದ ಅವರು ಕುರ್ಚಿ ಎಳೆದುಕೊಂಡು ಕೂತರು.

ಮೊದಲು ಅವರು ಹೇಳಿದ್ದು, "ಕೂಸಿಗೆ ನಾಳೇನ ಹಾಕಿಸ್ರಿ. ಅದು ಅಲರ್ಜಿ ಸಲುವಾಗಿ ಅಲ್ಲ, ಟಿಬಿ ಸಲುವಾಗಿ." ಸಣ್ಣ ಮಕ್ಕಳಿಗೆ ಮಿದುಳಿನ ಪೊರೆಗೆ ತಗಲುವ ಕ್ಷಯವನ್ನು ತಡೆಯುವುದು ಬಿಸಿಜಿಯ ದೊಡ್ಡ ಕೆಲಸ. ಆಮೇಲೆ ಇಬ್ಬರಿಗೂ ಎಡತೋಳು ತೋರಿಸಿ ಅಂದರು. ನನ್ನ ತೋಳಿನಲ್ಲಿ ಬಿಸಿಜಿ ಕಲೆ ಇದೆ. ತಮ್ಮನ ತೋಳಿನಲ್ಲಿ ಇಲ್ಲ. ಇಬ್ಬರಿಗೂ ಹಾಕಿಸಿದ್ದು ಖಂಡಿತ, ಅವ್ವ ಚೀಟಿ ಇಟ್ಟಿದ್ದಾಳೆ. ಕಲೆ ಬರದಿದ್ದರೆ ಲಸಿಕೆ ಕೆಲಸ ಮಾಡಿಲ್ಲ ಅಂತಲ್ಲ, ಮತ್ತೆ ಹಾಕಿಸುವ ಅಗತ್ಯವೂ ಇಲ್ಲ. ಒಂದೇ ಲಸಿಕೆಗೆ ಮೈಗಳು ಬೇರೆ ಬೇರೆ ಉತ್ತರ ಕೊಡುತ್ತವೆ ಅನ್ನೋದನ್ನು ತೋರಿಸಲು ಅವರು ಅದನ್ನು ನೋಡಿದ್ದರು.

ಆ ಸಂಜೆ ಅವರು ಹೇಳಿದ್ದನ್ನು, ಆಮೇಲೆ ನಾನು ಓದಿ ತಿಳಿದದ್ದನ್ನು ಕೂಡಿಸಿ ಬರೆಯುತ್ತೇನೆ.

ಬಿಸಿಜಿಗೂ ಅಲರ್ಜಿಗೂ ನಂಟು ಇರಬಹುದೇ ಅನ್ನುವ ಪ್ರಶ್ನೆ ವಿಜ್ಞಾನಿಗಳಿಗೇ ಬಂದಿತ್ತು, ಆದರೆ ತಮ್ಮನ ಅತ್ತೆ ಹೆದರಿದ್ದಕ್ಕೆ ಉಲ್ಟಾ. ಬಿಸಿಜಿ ಅಲರ್ಜಿಯನ್ನು ಕಡಿಮೆ ಮಾಡಬಹುದೇ ಅಂತ. 1997ರಲ್ಲಿ ಜಪಾನಿನ ಶಾಲಾ ಮಕ್ಕಳಲ್ಲಿ ಒಂದು ವಿಷಯ ಕಂಡಿತು. ಬಿಸಿಜಿ ಆದ ಮೇಲೆ ಟ್ಯೂಬರ್ಕುಲಿನ್ ಅನ್ನುವ, ಕ್ಷಯಕ್ಕೆ ಸಂಬಂಧಪಟ್ಟ ಚರ್ಮದ ಟೆಸ್ಟಿಗೆ ಚರ್ಮ ಜೋರಾಗಿ ಎದ್ದ ಮಕ್ಕಳಲ್ಲಿ ದಮ್ಮು, ಅಲರ್ಜಿ ಕಡಿಮೆ ಇತ್ತು. ಜಗತ್ತೆಲ್ಲ ಇದರ ಬಗ್ಗೆ ಮಾತಾಡಿತು. ಆದರೆ ಇದನ್ನು ಇನ್ನೊಂದು ಕಡೆಯಿಂದಲೂ ಓದಬಹುದು, ಅಲ್ವಾ? ಅಲರ್ಜಿ ಕಡೆಗೆ ವಾಲಿದ ಮೈ ಇರುವ ಮಕ್ಕಳಿಗೆ ಟ್ಯೂಬರ್ಕುಲಿನ್ ಉಬ್ಬು ಹುಟ್ಟುಗುಣದಿಂದಲೇ ಸಣ್ಣದಾಗಿ ಏಳುತ್ತಿರಬಹುದು. ಲಸಿಕೆ ಅಲರ್ಜಿ ತಡೆಯಿತೋ, ಅಲರ್ಜಿಯ ಒಲವು ಲಸಿಕೆಗೆ ಬರುವ ಉತ್ತರವನ್ನು ಬದಲಿಸಿತೋ? ಅದೇ ವರ್ಷ ಸ್ವೀಡನ್ನಿನಲ್ಲಿ ಅಲರ್ಜಿ ಇರುವ ಮನೆತನದ ಮಕ್ಕಳನ್ನೇ ಆರಿಸಿ ನೋಡಿದರು. ಆ ದೇಶದಲ್ಲಿ 1975ರಿಂದ ಎಲ್ಲರಿಗೂ ಬಿಸಿಜಿ ಕೊಡುವುದನ್ನು ನಿಲ್ಲಿಸಿದ್ದರಿಂದ ಹೋಲಿಸುವುದು ಸುಲಭ. ಬಿಸಿಜಿ ಆದ 216 ಮಕ್ಕಳು, ಆಗದ 358 ಮಕ್ಕಳು. ಅಲರ್ಜಿ ಕಂಡದ್ದು ಬಿಸಿಜಿ ಆದವರಲ್ಲಿ ನೂರಕ್ಕೆ 36, ಆಗದವರಲ್ಲಿ 41. ವ್ಯತ್ಯಾಸ ಅನ್ನುವಂಥದ್ದೇನೂ ಇಲ್ಲ. ಬಿಸಿಜಿಯಿಂದ ಅಲರ್ಜಿ ಹೆಚ್ಚಾಗಿರಲಂತೂ ಇಲ್ಲ.

ನನಗೆ ಬಹಳ ಮುಖ್ಯ ಅನ್ನಿಸಿದ್ದು ಡೆನ್ಮಾರ್ಕಿನದು. ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ನವಜಾತ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಬಿಸಿಜಿ ಕೊಟ್ಟರು. ಮೊದಲ ವರ್ಷದಲ್ಲಿ ಪದೇ ಪದೇ ಎದೆ ಸುಂಯ್ ಅನ್ನುವುದು ಎರಡೂ ಗುಂಪಿನಲ್ಲಿ ಒಂದೇ. ಆದರೆ ಇಸುಬಿನ ಲೆಕ್ಕ ಬೇರೆ ಬಂತು. ಅಪ್ಪ ಅವ್ವನಿಗೆ ಅಲರ್ಜಿಯ ಗುಣ ಇದ್ದ ಮಕ್ಕಳಲ್ಲಿ ಬಿಸಿಜಿ ಆದವರಿಗೆ ಇಸುಬು ಸ್ವಲ್ಪ ಕಡಿಮೆ. ಆ ಗುಣ ಇಲ್ಲದ ಮನೆಯ ಮಕ್ಕಳಲ್ಲಿ ಅಂಥ ಲಾಭ ಏನೂ ಇಲ್ಲ. 2018ರಲ್ಲಿ ಇದನ್ನು ಪ್ರಕಟಿಸಿದರು. ಹುಟ್ಟುಗುಣ ಲಸಿಕೆಯ ಪರಿಣಾಮವನ್ನು ಬದಲಿಸುತ್ತದೆ ಅನ್ನೋದು ಮನುಷ್ಯರ ಮಕ್ಕಳಲ್ಲೇ ಕಂಡಿತು. ಚರ್ಮದಲ್ಲಿ ಕಂಡದ್ದು ಉಸಿರ್ನಾಳದಲ್ಲಿ ಕಾಣಲಿಲ್ಲ ಅನ್ನೋದೂ ಅಷ್ಟೇ ಮುಖ್ಯ. ದಮ್ಮು ಬಾರದಿರಲಿ ಅಂತ ಬಿಸಿಜಿ ಹಾಕಿಸುವುದಕ್ಕೆ ಆಧಾರ ಇಲ್ಲ. ದಮ್ಮು ಬಂದೀತು ಅಂತ ಬಿಡುವುದಕ್ಕಂತೂ ಆಧಾರವೇ ಇಲ್ಲ.

"ಹಂಗಾರ ಯಾವ ಗುಣ, ಎಲ್ಲಿರತೈತ್ರಿ ಅದು?" ಅಂತ ತಮ್ಮ ಕೇಳಿದ. ಡಾಕ್ಟರು ಇಲಿಗಳ ವಿಷಯಕ್ಕೆ ಬಂದರು. ಪ್ರಯೋಗಶಾಲೆಗಳಲ್ಲಿ ಒಂದೊಂದು ತಳಿಯ ಇಲಿಗಳು ಅವಳಿ ಜವಳಿ ಇದ್ದ ಹಾಗೆ, ಒಂದರ ಜೀನೇ ಇನ್ನೊಂದರದು. ಬಾಲ್ಬ್-ಸಿ ಅನ್ನುವ ಬಿಳಿ ಇಲಿಗಳ ಮೈ ಅಲರ್ಜಿ ಕಡೆಗೆ ಬೇಗ ವಾಲುತ್ತದೆ. ಸಿ57 ಬ್ಲ್ಯಾಕ್-6 ಅನ್ನುವ ಕಪ್ಪು ಇಲಿಗಳದು ಅಷ್ಟು ಬೇಗ ವಾಲುವುದಿಲ್ಲ. 1993ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಎನ್‌ರಾಂಪ್-1 ಅನ್ನುವ ಒಂದು ಜೀನನ್ನು ಗುರುತಿಸಿದರು. ಬಿಸಿಜಿಯ ಬ್ಯಾಕ್ಟೀರಿಯಾ ಇಲಿಯ ಮೈಯಲ್ಲಿ ಬೆಳೆಯಬೇಕೋ ಬೇಡವೋ ಅನ್ನೋದನ್ನು ತೀರ್ಮಾನಿಸುವ ಜೀನು ಅದು. ಹತ್ತು ವರ್ಷದ ಮೇಲೆ, 2003ರಲ್ಲಿ, ನೆದರ್ಲೆಂಡ್ಸಿನ ವಿಜ್ಞಾನಿಗಳು ಈ ಒಂದು ಜೀನಿನಲ್ಲಿ ಮಾತ್ರ ಬೇರೆ ಇರುವ ಇಲಿಗಳಿಗೆ ಮೊಟ್ಟೆಯ ಬಿಳಿಯ ಪ್ರೋಟೀನಿನಿಂದ ದಮ್ಮು ಬರಿಸಿದರು. ಆಮೇಲೆ ಕ್ಷಯದ ಬ್ಯಾಕ್ಟೀರಿಯಾದ ಕುಲಕ್ಕೇ ಸೇರಿದ ಒಂದು ನಿರುಪದ್ರವಿ ಬ್ಯಾಕ್ಟೀರಿಯಾದ ಮದ್ದು ಕೊಟ್ಟರು. ಜೀನಿನ ಒಂದು ರೂಪ ಇದ್ದ ಇಲಿಗಳಲ್ಲಿ ಉಸಿರ್ನಾಳದ ಬಾವು ಇಳಿಯಿತು. ಇನ್ನೊಂದು ರೂಪ ಇದ್ದ ಇಲಿಗಳಲ್ಲಿ ಇಳಿಯಲಿಲ್ಲ. ಅದೇ ಮದ್ದು, ಅದೇ ಪ್ರಮಾಣ.

ಇದನ್ನು ಕೇಳಿದಾಗ ತಮ್ಮನ ಮುಖ ನೋಡಿದೆ. ಒಂದು ವರ್ಷದಿಂದ ಅವನು ಏನೋ ತಾನೇ ಸರಿಯಾಗಿ ಮಾಡಲಿಲ್ಲ ಅಂತ ಒಳಗೇ ಕೊರಗುತ್ತಿದ್ದ. ಆ ಭಾರ ಸ್ವಲ್ಪ ಇಳಿದ ಹಾಗೆ ಕಂಡಿತು.

ಮನುಷ್ಯರಲ್ಲಿ ಇಷ್ಟು ಸರಳ ಇಲ್ಲ. ದಮ್ಮು ಮೆಂಡೆಲನ ಬಟಾಣಿಯ ಹಾಗೆ ಒಂದು ಜೀನಿನ ಕಥೆಯಲ್ಲ. 2007ರಲ್ಲಿ 17ನೇ ವರ್ಣತಂತುವಿನ ಒಂದು ಭಾಗಕ್ಕೂ ಮಕ್ಕಳ ದಮ್ಮಿಗೂ ನಂಟು ಕಂಡಿತು. 2006ರಲ್ಲಿ ಫಿಲಾಗ್ರಿನ್ ಅನ್ನುವ ಜೀನಿಗೂ ಇಸುಬಿಗೂ ನಂಟು ಕಂಡಿತು. ಚರ್ಮದ ಹೊರಗೋಡೆಯನ್ನು ಗಟ್ಟಿ ಇಡುವ ಪ್ರೋಟೀನು ಅದು. ಗೋಡೆ ಸಡಿಲ ಇದ್ದರೆ ನುಸಿ, ಪರಾಗ ಎಲ್ಲ ಚರ್ಮದ ಮೂಲಕವೇ ಒಳಗೆ ಹೋಗಿ, ಸಣ್ಣ ವಯಸ್ಸಿನಲ್ಲೇ ಮೈಗೆ ಅಲರ್ಜಿ ಕಲಿಸುತ್ತವೆ. ಹೀಗೆ ಹೇಳುತ್ತ ಡಾಕ್ಟರು ತಮ್ಮನ ಅಂಗೈ ತಿರುಗಿಸಿ ದೀಪದ ಕೆಳಗೆ ಹಿಡಿದರು. ಒಣ ಚರ್ಮ, ಅಡ್ಡಕ್ಕೂ ಉದ್ದಕ್ಕೂ ಲೆಕ್ಕ ಇಲ್ಲದಷ್ಟು ಆಳದ ಗೆರೆ. ಪಕ್ಕದಲ್ಲಿ ನನ್ನ ಅಂಗೈ ಇಡಲು ಹೇಳಿದರು. ನನ್ನದರಲ್ಲಿ ಎಲ್ಲರಿಗೂ ಇರುವಷ್ಟೇ ಗೆರೆ. ಫಿಲಾಗ್ರಿನ್ ಕೊರತೆ ಇದ್ದವರಲ್ಲಿ ಅಂಗೈ ಗೆರೆ ಹೀಗೆ ಹೆಚ್ಚಿರುವುದುಂಟು ಅಂದರು. "ಟೆಸ್ಟ್ ಮಾಡಿಲ್ಲ, ಖಾತ್ರಿ ಹೇಳಾಂಗಿಲ್ಲ. ಆದ್ರ ನಿಮ್ಮಿಬ್ಬರ ಅಲರ್ಜಿ ಬಂದ ದಾರಿ ಒಂದ ಅಲ್ಲ ಅನ್ನೂದು ನನಗ ಕಾಣತೈತಿ." ಒಡಹುಟ್ಟಿದವರಲ್ಲಿ ಜೀನು ಸರಾಸರಿ ಅರ್ಧದಷ್ಟು ಮಾತ್ರ ಒಂದೇ ಆಗಿರುತ್ತದೆ. ನಾನು ಪಾಠ ಮಾಡುವ ವಿಷಯವೇ ಅದು. ನಮ್ಮಿಬ್ಬರ ಅಂಗೈ ಅಕ್ಕಪಕ್ಕ ಇಟ್ಟಾಗ ಅದು ಮೊದಲ ಸಲ ನನಗೆ ಅರ್ಥ ಆಯಿತು.

ಯಾರಿಗೆ ಸೂಜಿ ನಾಟುತ್ತದೆ ಅಂತ ಮೊದಲೇ ಹೇಳುವ ಜೀನ್ ಟೆಸ್ಟ್ ಇದೆಯಾ ಅಂತ ಕೇಳಿದೆ. ಆಸ್ಪತ್ರೆಯಲ್ಲಿ ಬಳಸುವಂಥದ್ದು ಇಲ್ಲ ಅಂದರು. ಈಗ ನೋಡುವುದು ಇಷ್ಟೇ. ಕಾಡುವ ವಸ್ತು ಯಾವುದು ಅನ್ನೋದು ಸ್ಪಷ್ಟ ಇದೆಯೇ, ದಮ್ಮು ಹತೋಟಿಯಲ್ಲಿ ಇದೆಯೇ, ವರ್ಷ ಒಂದಾದರೂ ಸುಧಾರಣೆ ಇಲ್ಲದಿದ್ದರೆ ಮುಂದುವರಿಸುವುದರಲ್ಲಿ ಅರ್ಥ ಇದೆಯೇ. ನನಗೆ ನುಸಿ ಒಂದೇ. ತಮ್ಮನಿಗೆ ನುಸಿ ಹತ್ತರಲ್ಲಿ ಒಂದು.

ಮರುದಿನ ಗದಗಿನಲ್ಲಿ ಕೂಸಿಗೆ ಬಿಸಿಜಿ ಆಯಿತು.

ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಇಬ್ಬರದೂ ಸೂಜಿ ತಪ್ಪಿತು. ಮತ್ತೆ ಶುರುವಾದಾಗ ನನಗೆ ಪ್ರಮಾಣ ಇಳಿಸಿ ಮೇಲೆ ತಂದರು. ತಮ್ಮನಿಗೆ ಜುಲೈನಲ್ಲಿ ಡಾಕ್ಟರೇ ನಿಲ್ಲಿಸೋಣ ಅಂದರು. ಪಂಪ್ ಬದಲಿಸಿದರು, ಪಂಪ್ ಹಿಡಿಯುವ ರೀತಿಯನ್ನು ಮತ್ತೆ ಕಲಿಸಿದರು, ಚರ್ಮಕ್ಕೆ ದಿನಾ ಎರಡು ಹೊತ್ತು ಮುಲಾಮು ಹಚ್ಚಲು ಹೇಳಿದರು. ಅವನು ಸಪ್ತಾಪುರದಲ್ಲಿ ಮನೆ ಮುಂದಿನ ಖಾಲಿ ಸೈಟಿನ ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಕೀಳಿಸಲು ಓಣಿಯವರನ್ನು ಸೇರಿಸಿದ. ತಾನು ಮಾತ್ರ ಆ ದಿನ ಬಾಗಿಲು ಹಾಕಿಕೊಂಡು ಒಳಗಿದ್ದ. ಒಂದು ವರ್ಷದಲ್ಲಿ ರಾತ್ರಿ ಏಳುವುದು ನಿಂತಿತು. ಸೂಜಿ ಇಲ್ಲದೆಯೇ.

2021ರಲ್ಲಿ ಕೋವಿಡ್ ಲಸಿಕೆ ಬಂದಾಗ ಅವನಿಗೆ ಮತ್ತೆ ಆ ಬೆಂಚು ನೆನಪಾಯಿತು. ಬೇಡ ಅಂತ ಕೂತ. ನುಸಿಯ ಅಲರ್ಜಿಗೂ ಈ ಲಸಿಕೆಗೂ ಸಂಬಂಧ ಇಲ್ಲ, ಆ ದಿನ ಮೈಯನ್ನು ಕೆಣಕಿದ್ದು ನುಸಿಯ ರಸ, ಇದರಲ್ಲಿ ಅದು ಇಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದರು. ನಾನು ಜೊತೆಗೆ ಹೋದೆ. ಮೂವತ್ತು ನಿಮಿಷ ಕೂತೆವು. ಹದಿನೆಂಟನೇ ನಿಮಿಷಕ್ಕೆ ಅವನು ಗಡಿಯಾರ ನೋಡಿದ. ನಾನೂ ನೋಡಿದೆ. ಇಬ್ಬರೂ ಮಾತಾಡಲಿಲ್ಲ. ಏನೂ ಆಗಲಿಲ್ಲ. ಹೊರಗೆ ಬಂದು ಚಹಾ ಕುಡಿದೆವು.

ನನ್ನ ಕೊನೆಯ ಸೂಜಿ 2023ರ ಜನವರಿಯಲ್ಲಿ ಆಯಿತು, ನಾಲ್ಕು ವರ್ಷ ತುಂಬಿದ ಮೇಲೆ. ಅವತ್ತು ಸಂಜೆ ಧಾರವಾಡಕ್ಕೆ ಹೋದೆ. ತಮ್ಮನ ಮಗಳಿಗೆ ಮೂರು ವರ್ಷ. ಅವಳ ಮೊಣಕೈ ಮಡಿಕೆಯಲ್ಲಿ ಸ್ವಲ್ಪ ಇಸುಬು ಇದೆ. ಎದೆ ಇದುವರೆಗೆ ಸ್ವಚ್ಛ ಇದೆ. ಅವಳ ಅವ್ವ ಸ್ನಾನ ಮಾಡಿಸಿ, ಮೈ ಹಸಿ ಇರುವಾಗಲೇ ಮುಲಾಮು ಹಚ್ಚುತ್ತಿದ್ದಳು. ಎಡತೋಳಿನ ಮೇಲೆ ಅಕ್ಕಿಕಾಳಿನಷ್ಟು ಬಿಸಿಜಿ ಕಲೆ. ಹುಡುಗಿ ನನ್ನ ತೋಳಿನ ಕಲೆ ಮುಟ್ಟಿ, ತನ್ನದು ಮುಟ್ಟಿ, ಅಪ್ಪನ ತೋಳಲ್ಲಿ ಹುಡುಕಿದಳು. "ಅಪ್ಪಾ, ನಿಂದೆಲ್ಲಿ?" ಅಂದಳು. ತಮ್ಮ ತೋಳು ಮಡಚಿ, "ನನಗೂ ಹಾಕ್ಯಾರವ್ವಾ, ಕಲಿ ಅಷ್ಟ ಬಂದಿಲ್ಲ" ಅಂತ ಅವಳನ್ನು ಎತ್ತಿಕೊಂಡ.